ಸುಲಿಯದೆ ಬಿಟ್ಟ ಪೊರೆ

ಲುಸರ್ನ್, ೧೧ ಜನವರಿ ೨೦೨೨

ಪ್ರೀತಿಯ ಫ್ರೇನಿ,

ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಒಟ್ಟಿಗೇ ಸುಮ್ಮನಾಗುತ್ತೇವೆ, ಆಮೇಲೆ ಯಾರಾದರೊಬ್ಬರು ಪಟ್ಟನೆ ಇಟ್ಟುಬಿಡುತ್ತೇವೆ. ಅದಕ್ಕೇ ಈ ಕಾಗದ. ಇಲ್ಲಿ ನೀನು ನನ್ನ ಮಾತಿನ ನಡುವೆ ಬಾಯಿ ಹಾಕಲಾರೆ!

ಕೇಳು. ನಿನ್ನೆ ಒಂಬತ್ತಕ್ಕೆ ಅಂಗಡಿ ತೆಗೆದೆ, ಆರೂವರೆಗೆ ಮುಚ್ಚಿದೆ. ನಡುವೆ ಇಪ್ಪತ್ತಮೂರು ಜನ ಬಂದರೆಂದು ಕೌಂಟರಿನ ಮರ್ಲೀಸ್ ಲೆಕ್ಕ ಇಟ್ಟಿದ್ದಾಳೆ. ಇಪ್ಪತ್ತಮೂರು ಬಾಯಿ, ಒಂದೇ ಹೆಸರು.

“ವರ್ದಾಂಜ್ ಇದೆಯಾ?”

“ಇದೆ, ಬನ್ನಿ ನೋಡಿ.”

“ಕೊಡ್ತೀರಾ?”

“ಕೊಡಲ್ಲ. ನೋಡೋಕೆ ಮಾತ್ರ.”

“ಮತ್ತೆ ಅಂಗಡಿ ಅಂತ ಯಾಕೆ ಕರೀತೀರಿ? ಮ್ಯೂಸಿಯಂ ಅಂತ ಬೋರ್ಡ್ ಹಾಕಿ!”

ಸರಿಯಾಗಿಯೇ ಕೇಳಿದ ಪುಣ್ಯಾತ್ಮ. ಕಪಾಟಿನಲ್ಲಿ ಐದು ವರ್ದಾಂಜ್ ಕೈಗಡಿಯಾರ ಕೂತಿವೆ, ಐದೂ ಪ್ರದರ್ಶನಕ್ಕೆ. ಮಾರುವುದಕ್ಕೆ ಒಂದೂ ಇಲ್ಲ. ಸಭಾಂಗಣ ತುಂಬಿ ತುಳುಕುತ್ತಿದೆ, ರಂಗದ ಮೇಲೆ ನಟನೇ ಇಲ್ಲ. ನಾನೊಬ್ಬ ಬಾಗಿಲಲ್ಲಿ ನಿಂತು ಕೈ ಮುಗಿಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ಈ ಅಂಗಡಿಯಲ್ಲಿ ಹನ್ನೆರಡು ಹೆಸರುಗಳಿದ್ದವು. “ಅಪ್ಪ, ಜನ ಇನ್ನು ಮುಂದೆ ಹೆಸರು ಕೊಳ್ತಾರೆ, ಗಡಿಯಾರ ಅಲ್ಲ. ವರ್ದಾಂಜ್‌ಗೆ ಇಡೀ ಗೋಡೆ ಬಿಟ್ಟುಕೊಡಿ, ಇಲ್ಲದಿದ್ರೆ ಅವರು ಹೊಳೆಯಾಚೆಗಿನ ಅಂಗಡಿಗೆ ಹೋಗ್ತಾರೆ” ಎಂದವಳು ನೀನು. ಬಿಟ್ಟುಕೊಟ್ಟೆ. ಹನ್ನೊಂದು ಹೆಸರುಗಳನ್ನು ಇಳಿಸಿದೆ. ಲಿಯೋ ಹುರ್ನಿಯ ಗಡಿಯಾರಗಳನ್ನೂ ಇಳಿಸಿದೆ. ಅವನೂ ನಾನೂ ಒಂದೇ ಬೆಂಚಿನ ಮೇಲೆ ಕೂತು ಕೆಲಸ ಕಲಿತವರು. ಅವನು ತನ್ನ ಎಂಟು ಗಡಿಯಾರಗಳನ್ನು ಪೆಟ್ಟಿಗೆಗೆ ತುಂಬಿಕೊಂಡು, “ಗೋಡೆ ಚೆನ್ನಾಗಿ ಕಾಣತ್ತೆ ಬಿಡು ಆಂಬ್ರೋಸ್” ಅಂದ. ಆ ಬೇಸಿಗೆಯಲ್ಲೇ ಅವನ ಕಾರ್ಖಾನೆ ಮುಚ್ಚಿತು. ನೀನು ಜಿನೀವಾಕ್ಕೆ, ವರ್ದಾಂಜ್ ಕಚೇರಿಗೆ ಹೊರಟೆ.

ಈಗ ನನ್ನ ಪ್ರಶ್ನೆ ಒಂದೇ. ಡಿಸೆಂಬರ್ ಕೊನೆಗೆ ನಮ್ಮ ಮಾರಾಟದ ಹಕ್ಕಿನ ಕರಾರು ಮುಗಿಯುತ್ತದೆ. ಅವರು ಮುಂದುವರಿಸುತ್ತಾರೋ ಇಲ್ಲವೋ? ಇಲ್ಲವೆಂದರೆ ನನ್ನ ಬಳಿ ಉಳಿಯುವುದು ಒಂದು ಗೋಡೆ.

ಮತ್ತೆ, ಫಿಟ್ಸ್‌ನಾವ್ ಊರಿನ ಕಾಸ್ಪರ್ ಓಡರ್‌ಮಾಟ್ ನೆನಪಿದ್ದಾನಾ? ಸರೋವರದ ಉಗಿಹಡಗಿನಲ್ಲಿ ಯಂತ್ರ ನೋಡಿಕೊಳ್ಳುವವನು. ನೀಲಿ ಮುಖದ ಉಕ್ಕಿನ ವರ್ದಾಂಜ್‌ಗಾಗಿ ಹೆಸರು ಬರೆಸಿ ಆರು ವರ್ಷವಾಯಿತು. ಮಾರ್ಚ್ ಕೊನೆಗೆ ನಿವೃತ್ತಿ. ಪ್ರತಿ ತಿಂಗಳು ಬಂದು ಟೋಪಿ ತೆಗೆದು ಕೇಳಿ ಹೋಗುತ್ತಾನೆ. ಒಂದು ಕಳುಹಿಸಿಕೊಡು ಮಗಳೇ.

ನಿನ್ನ ಅಪ್ಪ,
ಆಂಬ್ರೋಸ್


ಜಿನೀವಾ, ೩೧ ಜನವರಿ ೨೦೨೨

ಪ್ರೀತಿಯ ಅಪ್ಪನಿಗೆ,

ಲಿಯೋ ಅಂಕಲ್ ವಿಷಯ ಪ್ರತಿ ಸಲ ಎತ್ತಲೇಬೇಕೇ? ಸಲಹೆ ಕೊಟ್ಟವಳು ನಾನು, ಸಹಿ ಹಾಕಿದವರು ನೀವು. ಆ ಮಾತು ಇಲ್ಲಿಗೆ ಬಿಡೋಣ.

ಕರಾರಿನ ಬಗ್ಗೆ ಈಗಲೇ ಏನೂ ಹೇಳಲಾರೆ. ಈ ವರ್ಷ ಮನೆಯವರು ದೇಶದ ಪ್ರತಿಯೊಂದು ಅಂಗಡಿಯನ್ನೂ ತೂಗಿ ನೋಡುತ್ತಿದ್ದಾರೆ. ಅರ್ಧಕ್ಕರ್ಧ ಅಂಗಡಿಗಳು ಹೋಗುತ್ತವೆ ಎಂದು ಇಲ್ಲಿ ಮಾತು. ನಮ್ಮದು ಉಳಿಯಬೇಕೆಂದರೆ ತಪ್ಪು ಹುಡುಕಲು ಜಾಗ ಕೊಡಬಾರದು.

ಮಾರ್ಚ್‌ನಲ್ಲಿ ನಿಮಗೆ ಒಂದೇ ಒಂದು ನೀಲಿ ಮುಖದ್ದು ಬರುತ್ತದೆ. ಅದು ಹಲ್ಲಿನ ಡಾಕ್ಟರ್ ಹೆಲ್ಬ್ಲಿಂಗ್ ಅವರಿಗೆ ಹೋಗಲಿ. ಅವರು ನಮ್ಮಲ್ಲಿ ಚಿನ್ನದವು ಮೂರು ಕೊಂಡಿದ್ದಾರೆ, ಹೆಂಡತಿಗೆ ಸರವನ್ನೂ ಕೊಂಡಿದ್ದಾರೆ. ಕಾಯುವವರ ಪಟ್ಟಿ ಎಂದರೆ ಸರದಿಯ ಸಾಲು ಅಲ್ಲ ಅಪ್ಪ. ಯಾರಿಗೆ ಕೊಟ್ಟರೆ ಮನೆಗೆ ಹೆಸರು ಎಂಬುದಕ್ಕೆ ಪಟ್ಟಿ.

ಯಾರಿಗೇ ಕೊಡಿ, ಪೊರೆಯ ವಿಷಯ ಮರೆಯಬೇಡಿ. ಗಾಜಿನ ಮೇಲಿನ, ಹಿಂಬದಿಯ, ಕೊಂಡಿಯ ಮೇಲಿನ ಪ್ಲಾಸ್ಟಿಕ್ ಪೊರೆಯನ್ನು ನಿಮ್ಮ ಕೈಯಾರೆ, ಕೌಂಟರಿನಲ್ಲೇ, ಗಿರಾಕಿಯ ಕಣ್ಣೆದುರು ಸುಲಿಯಬೇಕು. ಪೊರೆ ಇದ್ದರೆ ಅದು ಯಾರೂ ಕೈಗೆ ಕಟ್ಟದ ಗಡಿಯಾರ. ಮಾರನೆಯ ದಿನವೇ ಮೂರು ಪಟ್ಟು ಬೆಲೆಗೆ ಕೈ ಬದಲಾಗುತ್ತದೆ. ಬೇರೆಲ್ಲ ತಪ್ಪನ್ನು ಮನೆ ಕ್ಷಮಿಸಬಹುದು, ಇದನ್ನು ಕ್ಷಮಿಸಲ್ಲ.

ನಿಮ್ಮ ಮಗಳು,
ಫ್ರೇನಿ


ಲುಸರ್ನ್, ೮ ಮಾರ್ಚ್ ೨೦೨೨

ಪ್ರೀತಿಯ ಫ್ರೇನಿ,

ನಿನ್ನ ಕಾಗದದಲ್ಲಿ “ಮನೆ” ಎಂಬ ಪದ ಎಷ್ಟು ಸಲ ಬಂದಿದೆ ನೋಡಿಕೊಂಡೆಯಾ? ಮೊದಲ ಓದಿಗೆ ನಾನು ನಮ್ಮ ಮನೆ ಎಂದೇ ತಿಳಿದೆ. ಮನೆಯವರು ತೂಗುತ್ತಿದ್ದಾರಾ, ಮನೆ ಕ್ಷಮಿಸಲ್ಲವಾ, ಯಾರಪ್ಪಾ ಇದು, ನಿನ್ನ ಅಮ್ಮ ಹೋದ ಮೇಲೆ ಮನೆಯಲ್ಲಿರುವವನು ನಾನೊಬ್ಬನೇ ಅಲ್ಲವೇ ಎಂದು ಗಾಬರಿಯಾದೆ! ಜಿನೀವಾದವರು ಕಂಪನಿಯನ್ನು ಮನೆ ಅನ್ನುತ್ತಾರೆಂದು ನನಗೆ ಗೊತ್ತಿಲ್ಲದ್ದೇನಲ್ಲ. ನೀನು ಅನ್ನುತ್ತೀಯೆಂದು ಗೊತ್ತಿರಲಿಲ್ಲ, ಅಷ್ಟೆ.

ಇರಲಿ. ಈಗ ಕಥೆ ಕೇಳು. ಮುಖವಾಡದ ಹಬ್ಬದ ಡೋಲು ತಮಟೆಗಳೆಲ್ಲ ಮುಗಿದು, ಬೀದಿಯ ಬಣ್ಣದ ಕಾಗದದ ಚೂರುಗಳನ್ನು ಗುಡಿಸುತ್ತಿದ್ದ ದಿನ ಗಡಿಯಾರ ಬಂತು. ಓಡರ್‌ಮಾಟ್‌ಗೆ ಫೋನ್ ಮಾಡಿದೆ. ಮಧ್ಯಾಹ್ನದ ಹಡಗಿಗೆ ಬಂದ. ಮದುವೆಗೆ ಹೊರಟವನಂತೆ ಕೋಟು ಹಾಕಿಕೊಂಡು ಬಂದಿದ್ದ. ಕೈ ತೊಳೆದು ತೊಳೆದು ಚರ್ಮ ಕೆಂಪಾಗಿತ್ತು, ಆದರೂ ಉಗುರಿನ ಸಂದಿನಲ್ಲಿ ಎಣ್ಣೆಯ ಕಪ್ಪು.

ಪೆಟ್ಟಿಗೆ ತೆರೆದೆನೋ ಇಲ್ಲವೋ, ಬಾಗಿಲು ತಳ್ಳಿಕೊಂಡು ಯಾರು ಬಂದರು ಹೇಳು? ಸಾಕ್ಷಾತ್ ಡಾಕ್ಟರ್ ಹೆಲ್ಬ್ಲಿಂಗ್!

“ಅಮ್ರೈನ್ ಅವ್ರೇ, ಅದು ನನ್ನದಲ್ವಾ?”

“ಅಲ್ಲ ಡಾಕ್ಟ್ರೇ. ಇವರದು.”

ಡಾಕ್ಟರು ಓಡರ್‌ಮಾಟ್‌ನ ಬೂಟಿನಿಂದ ಟೋಪಿಯವರೆಗೆ ನೋಡಿದರು. “ಇವರು ಯಾರು?”

“ಹಡಗು ಓಡಿಸ್ತೀನಿ ಸ್ವಾಮಿ,” ಎಂದ ಓಡರ್‌ಮಾಟ್. “ಅಂದ್ರೆ ಮೇಲೆ ನಿಂತು ಸೀಟಿ ಊದೋನಲ್ಲ, ಕೆಳಗೆ ಬೆವರೋನು.”

“ನಾನು ಇಲ್ಲಿ ಮೂರು ಚಿನ್ನದ್ದು ತಗೊಂಡಿದೀನಿ!”

“ನನ್ನ ಬಾಯಲ್ಲೂ ಎರಡಿವೆ. ನೀವೇ ಕೂರಿಸಿದ್ದು,” ಎಂದು ಓಡರ್‌ಮಾಟ್ ಬಾಯಿ ಅಗಲಿಸಿ ತೋರಿಸಿದ.

ಮರ್ಲೀಸ್ ಬೆನ್ನು ತಿರುಗಿಸಿ ನಗು ನುಂಗಿದಳು. ಡಾಕ್ಟರು ಧಡಾರನೆ ಬಾಗಿಲು ಹಾಕಿಕೊಂಡು ಹೋದರು. ನನಗೆ ಮಾತ್ರ, ಎಷ್ಟೋ ವರ್ಷಗಳ ಮೇಲೆ, ನಾನೊಬ್ಬ ಅಂಗಡಿಯವನು ಎನ್ನಿಸಿತು! ಆರು ವರ್ಷ ಕಾದವನಿಗೆ ಅವನು ಕಾದದ್ದನ್ನು ಕೊಟ್ಟೆ. ಅಂಗಡಿ ಎಂದರೆ ಇದೇ ಅಲ್ಲವೇ?

ಆಮೇಲೆ ಪೊರೆ ಸುಲಿಯಲು ಉಗುರು ಇಟ್ಟೆ. ಓಡರ್‌ಮಾಟ್ ನನ್ನ ಕೈ ಹಿಡಿದ.

“ಅಮ್ರೈನ್ ಅವ್ರೇ, ಕೀಳ್ಬೇಡಿ. ನನ್ನ ಹೆಂಡ್ತಿ ಅಗ್ನೆಸ್ ಕೀಳ್ಲಿ.”

“ನಿಯಮ ಇದೆ ಕಾಸ್ಪರ್.”

“ಆರು ವರ್ಷ ಅವಳೂ ಕಾದಿದಾಳೆ. ಸೊಂಟ ಮುರ್ಕೊಂಡ ಮೇಲೆ ಮೆಟ್ಟಿಲು ಇಳಿದಿಲ್ಲ ಅವಳು. ಇಲ್ಲಿಗೆ ಕರ್ಕೊಂಡು ಬರಕ್ಕಾಗಲ್ಲ. ನಾನು ನಿವೃತ್ತಿಯಾಗೋ ದಿನ ಅವಳ ಕೈಯಿಂದಲೇ ಕೀಳಿಸ್ತೀನಿ. ನಲವತ್ತೊಂದು ವರ್ಷ ಜನರ ಜೀವ ನನ್ನ ಕೈಲಿತ್ತು, ಒಂದು ಪ್ಲಾಸ್ಟಿಕ್ ತುಂಡು ನಂಬಿ ಕೊಡಕ್ಕಾಗಲ್ವಾ?”

ಏನು ಹೇಳಲಿ ಮಗಳೇ! ನಿಯಮ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟೆ. ಬೆರಳು ಗಾಜಿನವರೆಗೆ ಹೋಗಿ ಹಿಂದೆ ಬಂತು. ಕೌಂಟರಿನಲ್ಲೇ ಸುಲಿದೆ ಎಂದು ನಿಮ್ಮ ನಮೂನೆಯಲ್ಲಿ ಗುರುತು ಹಾಕಿ ಸಹಿ ಮಾಡಿದೆ. ನಿನಗಲ್ಲದೆ ಬೇರೆ ಯಾರಿಗೂ ಇದನ್ನು ಹೇಳುವುದಿಲ್ಲ. ಒಬ್ಬರಿಗಾದರೂ ಹೇಳಬೇಕಲ್ಲ.

ನಿನ್ನ ಅಪ್ಪ


ಜಿನೀವಾ, ೩ ಮೇ ೨೦೨೨

ಅಪ್ಪ,

ಅಂತರ್ಜಾಲದಲ್ಲಿ ಹಳೆಯ ಗಡಿಯಾರ ಮಾರುವ ಜಾಗವೊಂದರಲ್ಲಿ ನಿನ್ನೆ ಒಂದು ನೀಲಿ ಮುಖದ್ದು ಮಾರಾಟಕ್ಕೆ ಬಂದಿದೆ. “ಎಂದೂ ಕಟ್ಟಿಲ್ಲ, ಪೊರೆ ಸಮೇತ” ಎಂದು ಬರೆದಿದ್ದಾರೆ. ನಮ್ಮವರು ಗಿರಾಕಿಯಂತೆ ನಟಿಸಿ ಗಡಿಯಾರದ ಮೇಲೆ ಕೊರೆದ ಸಂಖ್ಯೆ ಕೇಳಿ ಪಡೆದರು. ನಿಮ್ಮ ಅಂಗಡಿಗೆ ಮಾರ್ಚ್‌ನಲ್ಲಿ ಕಳುಹಿಸಿದ್ದು.

ಓಡರ್‌ಮಾಟ್ ಅವರನ್ನು ಹೋಗಿ ಕೇಳಿ. ಯಾರ ಪ್ರಶ್ನೆಗೂ ಉತ್ತರ ಬರೆಯಬೇಡಿ. ನಾನು ನೋಡಿಕೊಳ್ಳುತ್ತೇನೆ.

ಫ್ರೇನಿ


ಲುಸರ್ನ್, ೧೨ ಮೇ ೨೦೨೨

ಫ್ರೇನಿ,

ಭಾನುವಾರ ಮೊದಲ ಹಡಗಿಗೇ ಫಿಟ್ಸ್‌ನಾವ್‌ಗೆ ಹೋದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಬಾಯಿಪಾಠ ಮಾಡಿದೆ. ಎಂಥೆಂಥ ಮಾತುಗಳು ಹೊಳೆದವು ಗೊತ್ತಾ, ಕಲ್ಲು ಕರಗಬೇಕು! ಓಡರ್‌ಮಾಟ್ ಬಾಗಿಲು ತೆರೆದ. ನನ್ನ ಮುಖ ನೋಡಿದ. ಒಳಗೆ ಕರೆದ. ಗಾಜಿನ ಲೋಟದಲ್ಲಿ ತೆಳು ಕಾಫಿಗೆ ಸಾರಾಯಿ ಬೆರೆಸಿ ಮುಂದಿಟ್ಟ. ನಾನು ಮುಟ್ಟಲಿಲ್ಲ.

“ಕಾಸ್ಪರ್, ಗಡಿಯಾರ ಎಲ್ಲಿ?”

“ಅದರ ಮೇಲೆ ಕೂತ್ಕೊಳ್ಳಿ,” ಎಂದ.

ಮೆಟ್ಟಿಲ ಬುಡದಲ್ಲಿ ಒಂದು ಕುರ್ಚಿ. ಗೋಡೆಗೆ ಹಳಿ ಹಾಕಿ ಕೂರಿಸಿದ್ದು, ಗುಂಡಿ ಒತ್ತಿದರೆ ಮೇಲಕ್ಕೆ ಹೋಗುವಂಥದ್ದು. ಕೂತೆ. ಗುಂಯ್ ಎಂದು ಅದು ನನ್ನನ್ನು ಹೊತ್ತುಕೊಂಡು ಹೊರಟಿತು! ಇಷ್ಟು ಕೋಪ ಇಟ್ಟುಕೊಂಡವನು ಇಷ್ಟು ನಿಧಾನವಾಗಿ ಮೇಲೆ ಹೋಗಬಾರದು, ಫ್ರೇನಿ. ಮೇಲೆ ತಲುಪುವ ಹೊತ್ತಿಗೆ ನನ್ನ ಒಂದು ಬೈಗುಳವೂ ನೆನಪಿರಲಿಲ್ಲ.

ಅಲ್ಲಿ ಅಗ್ನೆಸ್ ನಿಂತಿದ್ದಳು, ಕೋಲು ಹಿಡಿದು.

“ಬೈಯೋದಾದ್ರೆ ನನ್ನನ್ನ ಬೈಯಿರಿ,” ಎಂದಳು. “ಇವರು ಕಟ್ಕೋಬೇಕು ಅಂತಲೇ ತಂದ್ರು. ನಾನು ಪೊರೆಯ ತುದಿ ಹಿಡ್ಕೊಂಡೂ ಆಯ್ತು. ಆಗ ನನ್ನ ತಂಗಿ ಮಗ, ‘ದೊಡ್ಡಮ್ಮ, ಕೀಳ್ಬೇಡ, ಅದು ಇರೋದ್ರಿಂದಲೇ ಅದರ ಬೆಲೆ’ ಅಂದ. ಎಷ್ಟು ಅಂತ ಕೇಳ್ದೆ. ಹೇಳ್ದ. ಈ ಕುರ್ಚಿ ಹಾಕಿಸೋಕೆ ಸಾಕಾಗೋಷ್ಟಿತ್ತು. ನಾನು ಕೈ ಬಿಟ್ಟೆ.”

“ಆರು ವರ್ಷ ಕಾದಿದ್ರಲ್ಲಮ್ಮ!”

“ಗಡಿಯಾರಕ್ಕೆ ಅವರು ಕಾದ್ರು. ಕೆಳಗಿಳಿಯೋಕೆ ನಾನು ಕಾದೆ. ನಿಮಗೇನು ತೊಂದರೆ ಆಯ್ತು? ನಿಮಗೆ ನಿಮ್ಮ ದುಡ್ಡು ಬಂತಲ್ಲ.”

ಅಂಗಡಿಯ ವಿಷಯ ಹೇಳಬೇಕೆಂದುಕೊಂಡೆ. ಹೇಳದೆ ಅದೇ ಕುರ್ಚಿಯಲ್ಲಿ ಕೂತು ಕೆಳಗಿಳಿದೆ. ಕಾಸ್ಪರ್ ಹಡಗುಕಟ್ಟೆಯವರೆಗೂ ಜೊತೆಗೆ ಬಂದ, ಟೋಪಿ ತೆಗೆದ, ಏನೋ ಹೇಳಲು ಬಾಯಿ ತೆರೆದ. ನಾನು ಕೇಳದವನಂತೆ ಹಡಗು ಹತ್ತಿದೆ. ಅವನಿಗೆ ಕೊಟ್ಟಿದ್ದಕ್ಕೆ ನನಗೆ ಪಶ್ಚಾತ್ತಾಪವಿದೆಯೋ ಇಲ್ಲವೋ ನನಗೇ ತಿಳಿಯುತ್ತಿಲ್ಲ.

ಇಪ್ಪತ್ತೆರಡು ವರ್ಷದಿಂದ ಮರ್ಲೀಸ್ ನಮ್ಮಲ್ಲಿದ್ದಾಳೆ. ಅವಳಿಗೆ ಇನ್ನೂ ಹೇಳಿಲ್ಲ. ಏನಾದರೂ ಮಾಡು.

ಅಪ್ಪ


ಜಿನೀವಾ, ೨೭ ಮೇ ೨೦೨೨

ಪ್ರೀತಿಯ ಅಪ್ಪನಿಗೆ,

ನನ್ನ ಮೇಲಧಿಕಾರಿ ಪೆರ್ರೋಶೆ ಅವರ ಜೊತೆ ಒಂದು ಗಂಟೆ ಕೂತು ಮಾತಾಡಿದೆ. ನೀವೇ ಗಡಿಯಾರವನ್ನು ದಲ್ಲಾಳಿಗೆ ದಾಟಿಸಿದ್ದೀರಿ ಎಂದು ಇಲ್ಲಿ ಎಲ್ಲರ ಗುಮಾನಿ. ಹಾಗಲ್ಲ, ಕರುಣೆಯಿಂದ ಆದದ್ದು ಎಂದು ಅವರಿಗೆ ಮನವರಿಕೆ ಮಾಡಿಕೊಟ್ಟಿದ್ದೇನೆ. ಬರೀ ಬಾಯಿಮಾತಲ್ಲ, ನಂಬುವಂಥದ್ದನ್ನೇ ಮುಂದಿಟ್ಟಿದ್ದೇನೆ. ಅವರ ಮುಖ ಮೆತ್ತಗಾದದ್ದನ್ನು ನಾನೇ ಕಂಡೆ. ಧೈರ್ಯವಾಗಿರಿ.

ಫ್ರೇನಿ


ಲುಸರ್ನ್, ೫ ಸೆಪ್ಟೆಂಬರ್ ೨೦೨೨

ಫ್ರೇನಿ,

ಬಂತು. ದಪ್ಪ ಕಾಗದ, ಉಬ್ಬಿದ ಮುದ್ರೆ, ಎರಡು ಪುಟ. ಡಿಸೆಂಬರ್ ಮೂವತ್ತೊಂದಕ್ಕೆ ನಮ್ಮ ಮಾರಾಟದ ಹಕ್ಕು ಮುಗಿಯುತ್ತದೆ, ಮುಂದುವರಿಯುವುದಿಲ್ಲ.

ಮರ್ಲೀಸ್‌ಗೆ ನಾನೇ ಗಟ್ಟಿಯಾಗಿ ಓದಿ ಹೇಳಿದೆ. ನಾಟಕದ ಮಾತು ಓದುವವನ ಹಾಗೆ, ಎದೆಯುಬ್ಬಿಸಿ, ಒಂದು ಅಕ್ಷರ ನುಂಗದೆ. ಎರಡನೆಯ ಪುಟದ ಮಧ್ಯಕ್ಕೆ ಬಂದಾಗ ಒಂದು ಸಾಲನ್ನು ಎರಡು ಸಲ ಓದಿದೆ. ಅಲ್ಲಿ ಹೀಗಿದೆ: “ಮಾರಾಟಗಾರರು ನಿಯಮವನ್ನು ಅರಿತೇ ಮುರಿದು, ಸುಳ್ಳು ನಮೂನೆಗೆ ಸಹಿ ಮಾಡಿರುವುದು ಅವರದೇ ಬರಹದಿಂದ ಸ್ಪಷ್ಟವಾಗಿದೆ.” ಆಮೇಲೆ, ಎರಡು ಉದ್ಧರಣ ಚಿಹ್ನೆಗಳ ನಡುವೆ: “ನಿಯಮ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟೆ.”

“ಇದು ನೀವು ಮಾತಾಡೋ ಹಾಗೇ ಇದೆಯಲ್ಲ,” ಎಂದಳು ಮರ್ಲೀಸ್.

ನಾನು ಮಾತಾಡುವ ಹಾಗೆ ಇರದೆ ಇನ್ನೇನು! ನನ್ನ ಮಾತೇ ಅದು. ನನ್ನ ಕೈಬರಹ. ಜೊತೆಗೆ ನಕಲು ಪ್ರತಿಯನ್ನೂ ಲಗತ್ತಿಸಿದ್ದಾರೆ. “ಪ್ರೀತಿಯ ಫ್ರೇನಿ” ಎಂಬಲ್ಲಿಂದ “ನಿನ್ನ ಅಪ್ಪ” ಎಂಬಲ್ಲಿಯವರೆಗೆ, ನಿನ್ನ ಅಮ್ಮನ ಮಾತು ಬಂದಿದ್ದ ಸಾಲನ್ನೂ ಬಿಡದೆ. ಮೇಲೆ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಕಡತದ ಒಂದು ಸಂಖ್ಯೆ.

ಒಂದೇ ಕೇಳುತ್ತೇನೆ. ಮಾರ್ಚ್ ಎಂಟನೆಯ ತಾರೀಕು ನಾನು ಯಾರಿಗೆ ಕಾಗದ ಬರೆದೆ?

ಆಂಬ್ರೋಸ್


ಜಿನೀವಾ, ೯ ಸೆಪ್ಟೆಂಬರ್ ೨೦೨೨

ಅಪ್ಪ,

ನಿಮ್ಮನ್ನು ಕಳ್ಳ ಎನ್ನುತ್ತಿದ್ದರು. ಆ ಕಾಗದ ಓದಿದ ಯಾರೂ ನಿಮ್ಮನ್ನು ಕಳ್ಳ ಎನ್ನಲಾರರು ಎಂದು ನಾನು ನಂಬಿದ್ದೆ. ಪೆರ್ರೋಶೆ ಅದನ್ನು ಓದುವಾಗ ನಕ್ಕರು, ಹಲ್ಲಿನ ಮಾತು ಬಂದಲ್ಲಿ ಗಟ್ಟಿಯಾಗಿ ನಕ್ಕರು. “ನಿಮ್ಮ ತಂದೆ ದೊಡ್ಡ ಮನುಷ್ಯರು” ಎಂದರು. ಒಂದೆರಡು ದಿನ ಇಟ್ಟುಕೊಂಡಿರಲೇ ಎಂದು ಕೇಳಿದರು. ಕೊಟ್ಟೆ.

ನಿಮ್ಮನ್ನು ಕೇಳಬೇಕಿತ್ತು. ಕೇಳಿದ್ದರೆ ನೀವು ಬೇಡ ಎನ್ನುತ್ತಿದ್ದಿರಿ, ಅದಕ್ಕೇ ಕೇಳಲಿಲ್ಲ.

ಫೋನ್ ಎತ್ತಿ.

ಫ್ರೇನಿ


ಜಿನೀವಾ, ೨೧ ನವೆಂಬರ್ ೨೦೨೨

ಅಪ್ಪ,

ಹತ್ತು ವಾರವಾಯಿತು. ಮರ್ಲೀಸ್ ಫೋನ್ ಎತ್ತಿ “ಅವರಿಗೆ ಬಿಡುವಿಲ್ಲ” ಎನ್ನುತ್ತಾಳೆ. ಹಿಂದೆ ನಿಮ್ಮ ಕೆಮ್ಮು ಕೇಳುತ್ತದೆ.

ಇದನ್ನು ಬೇರೆಯವರಿಂದ ತಿಳಿಯುವ ಮೊದಲು ನನ್ನಿಂದಲೇ ತಿಳಿಯಲಿ. ಲುಸರ್ನ್‌ನಲ್ಲಿ ವರ್ದಾಂಜ್ ತನ್ನದೇ ಅಂಗಡಿ ತೆರೆಯುತ್ತದೆ, ಫೆಬ್ರವರಿಯಲ್ಲಿ. ನಮ್ಮದೇ ಬೀದಿ, ನಾಲ್ಕು ಬಾಗಿಲು ಆಚೆ, ಹಳೆಯ ಟೋಪಿ ಅಂಗಡಿಯಿದ್ದ ಜಾಗ. ಬಾಡಿಗೆ ಕರಾರಿಗೆ ಹೋದ ವರ್ಷ ಅಕ್ಟೋಬರ್‌ನಲ್ಲೇ ಸಹಿಯಾಗಿತ್ತು. ನಾನು ನೋಡಿದ್ದು ಕಳೆದ ವಾರ. ನೀವು ಪೊರೆ ಸುಲಿದಿದ್ದರೂ ಅವರು ಬೇರೇನಾದರೂ ಹುಡುಕುತ್ತಿದ್ದರು. ನಾನು ಸುಮ್ಮನಿದ್ದರೂ ಹುಡುಕುತ್ತಿದ್ದರು. ಇದನ್ನು ತಿಳಿದು ನನಗೆ ಸಮಾಧಾನವಾಗಬೇಕಿತ್ತು.

ಆ ಅಂಗಡಿಯನ್ನು ನೋಡಿಕೊಳ್ಳಲು ನನ್ನನ್ನು ಕೇಳಿದ್ದಾರೆ. ಆ ಊರಿನ ಗಿರಾಕಿಗಳು ನನಗೆ ಗೊತ್ತು, ಆ ಊರಿಗೆ ನಮ್ಮ ಹೆಸರು ಗೊತ್ತು ಎಂಬ ಕಾರಣಕ್ಕೆ. “ಅಮ್ರೈನ್ ಎಂಬ ಹೆಸರೇ ಅರ್ಧ ವ್ಯಾಪಾರ” ಎಂದರು ಪೆರ್ರೋಶೆ.

ನೀವು ಬೇಡ ಎಂದರೆ ಬಿಡುತ್ತೇನೆ. ಈ ಸಲ ಕೇಳುತ್ತಿದ್ದೇನೆ. ಒಂದು ಸಾಲು ಬರೆಯಿರಿ.

ನಿಮ್ಮ ಫ್ರೇನಿ


ಲುಸರ್ನ್, ೯ ಜನವರಿ ೨೦೨೩

ಮಾನ್ಯ ಫೆರೇನಾ ಅಮ್ರೈನ್ ಅವರಿಗೆ,

ನವೆಂಬರ್ ೨೧ರ ನಿಮ್ಮ ಪತ್ರ ತಲುಪಿದೆ. ಉತ್ತರ ತಡವಾದದ್ದಕ್ಕೆ ಕ್ಷಮಿಸಿ. ವರ್ಷದ ಕೊನೆಯಲ್ಲಿ ಅಂಗಡಿಯ ಕೆಲಸ ಹೆಚ್ಚಿತ್ತು.

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಸಂಸ್ಥೆಯ ಇಬ್ಬರು ಬಂದರು. ಐದು ಪ್ರದರ್ಶನದ ಗಡಿಯಾರ, ದೀಪಗಳು, ಚರ್ಮದ ಕುರ್ಚಿಗಳು, ಹೊರಗಿನ ಹಿತ್ತಾಳೆಯ ಅಕ್ಷರಗಳು, ಎಲ್ಲವನ್ನೂ ಸಹಿ ಪಡೆದು ಕೊಟ್ಟಿದ್ದೇನೆ. ಇಬ್ಬರೂ ಒಳ್ಳೆಯ ಹುಡುಗರು. ಅಕ್ಷರ ಕಿತ್ತ ಕಡೆ ಗೋಡೆ ಬೆಳ್ಳಗೆ ಉಳಿದಿದೆ. ದೂರದಿಂದ ಇನ್ನೂ ವರ್ದಾಂಜ್ ಎಂದೇ ಓದಲು ಬರುತ್ತದೆ. ದಿನಕ್ಕೆ ಐದಾರು ಜನ ಒಳಗೆ ಬಂದು ಅದನ್ನೇ ಕೇಳುತ್ತಾರೆ. ನಾಲ್ಕು ಬಾಗಿಲು ಆಚೆ, ಫೆಬ್ರವರಿಗೆ ಬನ್ನಿ ಎಂದು ಕೈ ತೋರಿಸುತ್ತಿದ್ದೇನೆ. ಇದಕ್ಕೆ ನಿಮ್ಮ ಕಡೆಯಿಂದ ಏನನ್ನೂ ಅಪೇಕ್ಷಿಸುವುದಿಲ್ಲ.

ಡಿಸೆಂಬರ್‌ನಲ್ಲಿ ಲಿಯೋ ಹುರ್ನಿಯನ್ನು ನೋಡಲು ಹೋಗಿದ್ದೆ, ಅವನ ಗಡಿಯಾರಗಳು ಉಳಿದಿದ್ದರೆ ಮತ್ತೆ ಇಟ್ಟುಕೊಳ್ಳೋಣವೆಂದು. ಅವನ ಹೆಂಡತಿ ಬಾಗಿಲಲ್ಲೇ ನಿಂತು, “ಅವ್ರು ಈಗ ಗಡಿಯಾರ ಕಟ್ಟಲ್ಲ, ನೋಡೋದೂ ಇಲ್ಲ, ನೀವು ಬಂದಿದ್ರಿ ಅಂತ ಹೇಳೋದೂ ಇಲ್ಲ ನಾನು” ಎಂದರು. ಆದ್ದರಿಂದ ಮಾರ್ಚ್ ಕೊನೆಗೆ ಅಂಗಡಿ ಮುಚ್ಚುತ್ತದೆ.

ನೀವು ಕೇಳಿದ ಒಂದು ಸಾಲು ಇದು: ಕೆಲಸ ಒಪ್ಪಿಕೊಳ್ಳಿ. ಬೇಡ ಎನ್ನಲು ನನಗೆ ಅಧಿಕಾರವಿಲ್ಲ. ಒಪ್ಪಿಕೊಳ್ಳಿ ಎನ್ನಲೂ ಇಲ್ಲ. ನೀವು ಕೇಳಿದ್ದರಿಂದ ಹೇಳಿದೆ.

ಒಂದು ವಿನಂತಿಯಿದೆ. ಶ್ರೀಮತಿ ಮರ್ಲೀಸ್ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಿ. ಈ ಊರಿನಲ್ಲಿ ಯಾರ ಹುಟ್ಟುಹಬ್ಬ ಯಾವಾಗ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅವರಿಗೆ ಗೊತ್ತು. ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕೆಂಬುದೂ ಗೊತ್ತು.

ಬೀದಿಯಲ್ಲಿ ನಾವು ಎದುರಾಗುವುದು ಅನಿವಾರ್ಯ. ಇಲ್ಲಿಯ ವ್ಯಾಪಾರಿಗಳು ಬೆಳಿಗ್ಗೆ ಬಾಗಿಲು ತೆಗೆಯುವಾಗ ಒಬ್ಬರಿಗೊಬ್ಬರು ಮನೆತನದ ಹೆಸರು ಹಿಡಿದು ನಮಸ್ಕಾರ ಹೇಳುವುದು ವಾಡಿಕೆ. ನಮ್ಮಿಬ್ಬರದೂ ಒಂದೇ ಹೆಸರಾದ್ದರಿಂದ ಕೇಳುವವರಿಗೆ ವಿಚಿತ್ರವೆನಿಸಬಹುದು. ಅಭ್ಯಾಸವಾಗುತ್ತದೆ.

ಈ ಪತ್ರವನ್ನು ನಿಮ್ಮ ಮೇಲಧಿಕಾರಿಗಳಿಗೆ ತಲುಪಿಸುವ ತೊಂದರೆ ನಿಮಗೆ ಬೇಡ. ನಾನೇ ಕಳುಹಿಸಿದ್ದೇನೆ.

ಗೌರವಪೂರ್ವಕವಾಗಿ,
ಆಂಬ್ರೋಸ್ ಅಮ್ರೈನ್
ಗಡಿಯಾರ ವ್ಯಾಪಾರಿ, ಲುಸರ್ನ್

ಪ್ರತಿ: ಶ್ರೀ ಪೆರ್ರೋಶೆ, ವರ್ದಾಂಜ್ ಮನೆ, ಜಿನೀವಾ